ಗಂಡಿಲ್ಲದ ಬಸಿರು, ಹೆಣ್ಣಿಲ್ಲದ ಕುಣಿತ

ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ. ಆ ಹೊತ್ತಿನಲ್ಲಿ ಫೋನ್ ಬಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಆನೆ. ಗದ್ದೆಗೋ ತೋಟಕ್ಕೋ ಇಳಿದಿರಬೇಕು ಎಂದುಕೊಂಡೇ ಎತ್ತಿದೆ. “ಚಿಕ್ಕಪ್ಪ, ಭೀಮ ಮೊಟ್ಟೆ ಇಟ್ಬಿಟ್ಟಿದಾನೆ” ಅಂದ.

ಭೀಮ ಎಂದರೆ ಅವನು ಸಾಕಿರುವ ಬಾಲ್ ಪೈಥಾನ್. ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ತಲೆ ಒಳಗೆ ಸೇರಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಆ ಹೆಸರು. ಕೊಟ್ಟವರು ಗಂಡು ಎಂದೇ ಹೇಳಿ ಕೊಟ್ಟಿದ್ದರು. ನಾಲ್ಕು ವರ್ಷದಿಂದ ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿಯೇ ಇತ್ತು. ಈಗ ನೋಡಿದರೆ ಐದು ಮೊಟ್ಟೆ. ಮರುದಿನ ಆಲೂರಿನ ಮನೆಯಲ್ಲಿರುವ ಅವ್ವನಿಗೆ ಸುದ್ದಿ ಮುಟ್ಟಿಸಿದೆ. ಅವ್ವ ಒಲೆ ಮುಂದಿನಿಂದ ಏಳಲೂ ಇಲ್ಲ. “ಮೊಟ್ಟೆ ಇಡಕ್ಕೆ ಗಂಡ್ಯಾಕೋ? ಫಾರಂ ಕೋಳಿ ಇಡಲ್ವಾ? ಮರಿ ಆದ್ರೆ ಹೇಳು.”

ಇಡೀ ಪ್ರಶ್ನೆಯನ್ನು ಅವ್ವ ಒಂದೇ ಮಾತಿನಲ್ಲಿ ಎರಡು ಹೋಳು ಮಾಡಿದ್ದಳು. ಮೊಟ್ಟೆ ಬೇರೆ, ಮರಿ ಬೇರೆ. ಹಾವಿನ ಬಸಿರು, ಬಾಣಂತನದ ಬಗ್ಗೆ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕಥೆಗಳಿಗೇನೂ ಬರವಿಲ್ಲ. ಕೇರೆಯೇ ನಾಗರನ ಗಂಡ ಎನ್ನುವವರಿದ್ದಾರೆ. ಹೆಣೆದುಕೊಂಡ ಹಾವುಗಳ ಮೇಲೆ ಬಿಳಿ ಪಂಚೆ ಹಾಕಿ ತಂದು ಪೆಟ್ಟಿಗೆಯಲ್ಲಿಟ್ಟರೆ ಐಶ್ವರ್ಯ ಎನ್ನುವವರಿದ್ದಾರೆ. ಜೋಡಿಯಲ್ಲಿ ಒಂದನ್ನು ಕೊಂದರೆ ಇನ್ನೊಂದು ಹುಡುಕಿಕೊಂಡು ಬರುತ್ತದೆ ಎಂದು ಹೆದರುವವರಂತೂ ಮನೆಮನೆಯಲ್ಲಿ. ಇವನ್ನೆಲ್ಲ ವಿಜ್ಞಾನ ಇದುವರೆಗೆ ತಿಳಿದುಕೊಂಡಿರುವುದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಊರು ಬಾಯಿ ಬಿಟ್ಟು ನೋಡುವ ಕಡೆ ಅಂಥ ವಿಚಿತ್ರವೇನೂ ನಡೆಯುತ್ತಿರುವುದಿಲ್ಲ. ನಿಜವಾದ ವಿಚಿತ್ರವನ್ನು ನಾವು ಗುದ್ದಲಿಯಲ್ಲಿ ಎತ್ತಿ ಬೇಲಿಯಾಚೆ ಎಸೆದಿರುತ್ತೇವೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ನಮ್ಮ ನಾಡಿನ ಹಾವನ್ನು, ಅದು ನಾಗರವಾಗಲಿ ಕೇರೆಯಾಗಲಿ ಹೆಬ್ಬಾವಾಗಲಿ, ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. (ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದದ್ದೂ ಅದೇ ವರ್ಷ, ಇವೆರಡಕ್ಕೂ ಸಂಬಂಧವಿಲ್ಲ, ನೆನಪಿಟ್ಟುಕೊಳ್ಳಲು ಅನುಕೂಲ.) ವಿದೇಶಿ ಹಾವುಗಳ ಲೆಕ್ಕ ಬೇರೆ. 2020ರಲ್ಲಿ ಕೇಂದ್ರ ಸರ್ಕಾರ ಇಂಥ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಘೋಷಿಸಿಕೊಳ್ಳಲಿ ಎಂದಿತು. 2022ರ ತಿದ್ದುಪಡಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಕಾಯ್ದೆಯೊಳಗೆ ತಂದಿತು. 2024ರ ಫೆಬ್ರವರಿಯ ನಿಯಮಗಳು ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕೆಂದವು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಅಂದರೆ ಭೀಮನ ಮೊಟ್ಟೆ ಒಡೆದು ಮರಿ ಬಂದರೆ ಅದು ಬರೀ ಮನೆಯ ಸಂಭ್ರಮವಾಗಿ ಉಳಿಯುವುದಿಲ್ಲ, ಸರ್ಕಾರಕ್ಕೆ ವರದಿ ಮಾಡಬೇಕಾದ ಜನನವಾಗುತ್ತದೆ. ಮಗುವಿನ ಜನನ ಪತ್ರಕ್ಕೆ ತಂದೆಯ ಹೆಸರು ಕೇಳುವಂತೆ ಅಲ್ಲಿ ಕೇಳುವುದಿಲ್ಲವೆಂಬುದು ಸಮಾಧಾನ.

ಇನ್ನು ಕುಣಿತದ ವಿಷಯ. ಮುಂಗಾರಿಗೆ ಮೊದಲು, ಒಂದೆರಡು ಮಳೆ ಬಿದ್ದು ನೆಲ ಬೆಚ್ಚಗೆ ಹಬೆಯಾಡುವ ದಿನಗಳಲ್ಲಿ, ಗದ್ದೆ ಬದುವಿನಲ್ಲಿ ಎರಡು ಕೇರೆಹಾವು ಹಗ್ಗ ಹೊಸೆದಂತೆ ಹೆಣೆದುಕೊಂಡು ಎದ್ದು ನಿಲ್ಲುತ್ತವೆ. ಮೈಯ ಮುಂಭಾಗ ನೆಲಬಿಟ್ಟು ಮೇಲೇಳುತ್ತದೆ, ತೂಗಾಡುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕೆಲಸದವರು ಕಳೆ ಕೀಳುವುದು ಬಿಟ್ಟು ಬಂದು ನಿಲ್ಲುತ್ತಾರೆ. ಹೆಂಗಸರು ನೋಡಬಾರದೆಂದು ಯಾರೋ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಈಗಂತೂ ಮೊಬೈಲಿನಲ್ಲಿ ಹಿಡಿದು ‘ಸರ್ಪ ಮಿಲನ’ ಎಂದು ಹೆಸರಿಟ್ಟು ಸಂಜೆಯೊಳಗೆ ಹೋಬಳಿಗೆಲ್ಲ ಹಂಚಿಯೂ ಆಗಿರುತ್ತದೆ.

ಅದರಲ್ಲಿ ಹೆಣ್ಣೇ ಇರುವುದಿಲ್ಲ. ಎರಡೂ ಗಂಡು. ಅದು ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಬೇಕು; ಒತ್ತಿಸಿಕೊಂಡದ್ದು ಸೋತಂತೆ. ಕಚ್ಚುವುದಿಲ್ಲ, ಗಾಯ ಮಾಡುವುದಿಲ್ಲ. ಸೋತದ್ದು ಸರಸರನೆ ಬೇಲಿಗೆ ನುಗ್ಗುತ್ತದೆ, ಗೆದ್ದದ್ದು ಸುತ್ತಮುತ್ತ ವಾಸನೆ ಬಿಟ್ಟುಹೋದ ಹೆಣ್ಣನ್ನು ಹುಡುಕುತ್ತದೆ. ಕಾಳಿಂಗವೂ ನಾಗರವೂ ಕೊಳಕುಮಂಡಲವೂ ಹೀಗೆ ಕಾದಾಡುತ್ತವೆ. ಕಚ್ಚಿದರೆ ಸಾಯುವಂಥ ವಿಷ ಬಾಯಲ್ಲಿಟ್ಟುಕೊಂಡೂ ನಿಯಮ ಮೀರದೆ ಪಟ್ಟು ಹಾಕುವ ಆ ಶಿಸ್ತಿನ ಬಗ್ಗೆ ನನಗೆ ಯಾವಾಗಲೂ ಗೌರವ.

ನಿಜವಾದ ಕೂಟ ನೋಡಲು ಹೋದರೆ ನಿರಾಸೆಯಾಗುತ್ತದೆ. ಗಂಡು ಹೆಣ್ಣಿನ ಬೆನ್ನ ಮೇಲೆ ಗದ್ದ ಉಜ್ಜುತ್ತ ಸಾಗಿ, ಬಾಲದ ಭಾಗವನ್ನು ಮಾತ್ರ ಸುತ್ತಿ, ನೆಲದಲ್ಲೇ ಗಂಟೆಗಟ್ಟಲೆ ಬಿದ್ದಿರುತ್ತದೆ. ಗಂಡಿಗೆ ಜನನಾಂಗ ಎರಡು, ಬಾಲದ ಬುಡದಲ್ಲಿ ಒಳಗೆ ಮಡಚಿಕೊಂಡಿರುತ್ತವೆ; ಒಂದು ಸಲಕ್ಕೆ ಒಂದೇ ಬಳಕೆ. ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳುವುದು ಕಷ್ಟವಾಗುವುದೂ ಇದರಿಂದಲೇ. ಬಾಲದ ಬುಡಕ್ಕೆ ಸಪೂರ ಕಡ್ಡಿ ಇಳಿಸಿ ಆಳ ನೋಡಬಲ್ಲ ಪಳಗಿದ ಕೈಯೇ ಬೇಕು. ನಮ್ಮ ಭೀಮನ ಹೆಸರು ತಪ್ಪಿದ್ದು ಹೀಗೆ. ಈ ತಪ್ಪು ಅವನೊಬ್ಬನದಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕಾಲೇಜೊಂದರಲ್ಲಿ ‘ರೊನಾಲ್ಡೊ’ ಎಂದು ಫುಟ್ಬಾಲ್ ಆಟಗಾರನ ಹೆಸರಿಟ್ಟುಕೊಂಡಿದ್ದ ಬ್ರೆಜಿಲಿನ ರೇನ್‌ಬೋ ಬೋವಾ 2024ರಲ್ಲಿ 14 ಮರಿ ಹಾಕಿತು. ಒಂಬತ್ತು ವರ್ಷ ಬೇರೆ ಹಾವಿನ ಮುಖವನ್ನೇ ನೋಡಿರಲಿಲ್ಲ.

ಕುಣಿತದ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ನಮ್ಮ ಅಶ್ವತ್ಥಕಟ್ಟೆಗಳ ಮೇಲೆಲ್ಲ ಅದೇ ಚಿತ್ರವಿದೆ. ನಾಗರಕಲ್ಲುಗಳಲ್ಲಿ ಒಂಟಿ ಹೆಡೆಯವು ಒಂದಷ್ಟು. ಮಿಕ್ಕವುಗಳಲ್ಲಿ ಎರಡು ಹಾವು ಮೂರೋ ನಾಲ್ಕೋ ಸುತ್ತು ಹೆಣೆದುಕೊಂಡು ಎದುರುಬದುರಾಗಿ ನಿಂತಿರುತ್ತವೆ, ನಡುವೆ ಒಮ್ಮೊಮ್ಮೆ ಲಿಂಗ. ಮಕ್ಕಳಾಗಲೆಂದು ಹರಸಿಕೊಂಡವರು ನಿಲ್ಲಿಸಿದ ಕಲ್ಲುಗಳು ಅವು. ಕಡೆದ ಶಿಲ್ಪಿ ಗದ್ದೆ ಬದುವಿನಲ್ಲಿ ಏನನ್ನು ಕಂಡಿದ್ದನೋ ಹೇಳಲಾಗದು. ಆದರೆ ಸಂತಾನ ಕೊಡುವ ದೇವರಿಗೆ ನಾವು ಕೊಟ್ಟಿರುವ ಭಂಗಿ ಎರಡು ಗಂಡುಗಳ ಪಂದ್ಯದ ಭಂಗಿಗೇ ಹತ್ತಿರ. ಇದನ್ನು ಕೇಳಿ ನೊಂದುಕೊಳ್ಳಬೇಕಾಗಿಲ್ಲ. ಕಲ್ಲು ಹಾವಿನ ಪಾಠಪುಸ್ತಕವಾಗಿರಬೇಕೆಂದು ಯಾರೂ ಕೇಳಿಲ್ಲ.

ಕೇರೆ–ನಾಗರ ದಾಂಪತ್ಯದ ಕಥೆಗೆ ಬೇರೊಂದು ಕಾರಣವಿದೆ. ಎರಡೂ ಇಲಿ ಹಿಡಿಯಲು ಒಂದೇ ಕಣಜದ ಸುತ್ತ ತಿರುಗುತ್ತವೆ. ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ, ದೂರದಿಂದ ನೋಡಿದರೆ ಒಂದೇ ದಪ್ಪ. ಹೆಡೆ ಇಲ್ಲದ್ದು ಗಂಡು, ಇರುವುದು ಹೆಣ್ಣು ಎಂದೋ ಅದಕ್ಕೆ ತಿರುಗಾಮುರುಗಾ ಆಗಿಯೋ ಹೊಂದಿಸಿಕೊಳ್ಳುವುದು ಸುಲಭ. ನಿಜದಲ್ಲಿ ಇವೆರಡು ಬೇರೆ ಬೇರೆ ಕುಟುಂಬ. ಬೆಕ್ಕಿಗೂ ನಾಯಿಗೂ ಮರಿಯಾಗುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ನಾಗರದಲ್ಲಿ ನಾಗರದ್ದೇ ಗಂಡಿದೆ, ಕೇರೆಯಲ್ಲಿ ಕೇರೆಯದ್ದೇ ಹೆಣ್ಣಿದೆ. ಸೇಡಿನ ಕಥೆಯಲ್ಲಿ ಮಾತ್ರ ಒಂದು ಎಳೆ ಸತ್ಯವಿದೆ. ಬೆದೆಗೆ ಬಂದ ಹೆಣ್ಣು ಹಾವಿನ ಚರ್ಮದಿಂದ ಹೊಮ್ಮುವ ವಾಸನೆಯ ಜಾಡು ಹಿಡಿದು ಗಂಡುಗಳು ಬರುತ್ತವೆ. ಹೆಣ್ಣನ್ನು ಕೊಂದ ಅಂಗಳಕ್ಕೆ ಮಾರನೆಯ ದಿನ ಇನ್ನೊಂದು ಹಾವು ಬಂದರೆ ಅದು ಬಂದದ್ದು ಮದುವೆಗೆ.

ಇಷ್ಟು ನಮ್ಮ ಕಣ್ಣಿನ ತಪ್ಪುಗಳು. ಈಗ ಕಾಳಿಂಗದ ಕಡೆ ತಿರುಗಬೇಕು. ಬಿಸಿಲೆ ಘಟ್ಟದ ಅಂಚಿನಲ್ಲಿ, ಕಾಗಿನಹರೆಯ ಸುತ್ತಲಿನ ಕಾಡಿನಲ್ಲಿ, ಹಳೆಯ ಏಲಕ್ಕಿ ತೋಟಗಳಲ್ಲಿ ಈ ಹಾವು ಇದೆ. ಕಾಫಿ ತೋಟದ ಲೈನ್ ಮನೆಗಳವರೆಗೂ ಬರುತ್ತದೆ. 2024ರಲ್ಲಿ ವಿಜ್ಞಾನಿಗಳು ಅದುವರೆಗೆ ಒಂದೇ ಎಂದುಕೊಂಡಿದ್ದ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ‘ಓಫಿಯೋಫೇಗಸ್ ಕಾಳಿಂಗ’. ಆ ತಂಡದಲ್ಲಿ ಆಗುಂಬೆಯಲ್ಲಿ ವರ್ಷಗಟ್ಟಲೆ ಈ ಹಾವಿನ ಹಿಂದೆ ಅಲೆದ ಪಿ. ಗೌರಿಶಂಕರ್ ಇದ್ದರು. ಕನ್ನಡದ ಹೆಸರೊಂದು ಲೋಕದ ಜೀವಿಪಟ್ಟಿಗೆ ಹೀಗೆ ಸೇರಿದ್ದನ್ನು ಯಾವ ರಾಜ್ಯೋತ್ಸವದ ವೇದಿಕೆಯಲ್ಲೂ ನಾನು ಕೇಳಲಿಲ್ಲ.

ಕಾಳಿಂಗದ ಹೆಣ್ಣು ಗೂಡು ಕಟ್ಟುತ್ತದೆ. ಜಗತ್ತಿನಲ್ಲಿರುವ ಹಾವುಗಳಲ್ಲಿ ಹೀಗೆ ಎಲೆ ಒಟ್ಟಿ ಗೂಡು ಕಟ್ಟುವುದು ಈ ವಂಶವೊಂದೇ. ಕೈಯಿಲ್ಲ, ಕಾಲಿಲ್ಲ, ಕೊಕ್ಕಿಲ್ಲ. ಮೈಯನ್ನೇ ಬಳೆಯಂತೆ ಬಳಸಿ ದರಗನ್ನು ಎಳೆದೆಳೆದು ತರುತ್ತದೆ. ಬಿದಿರೆಲೆ, ಮರದ ಎಲೆ, ಸಣ್ಣ ಕಡ್ಡಿ. ಒಟ್ಟಿದ್ದರ ಮೇಲೆ ಸುತ್ತಿ ಸುತ್ತಿ ಒತ್ತಿ ಬಿಗಿ ಮಾಡುತ್ತದೆ. ಗುಡ್ಡೆ ಅರ್ಧ ಮೀಟರಿನಷ್ಟು ಎತ್ತರಕ್ಕೆ ಬರುತ್ತದೆ. ಒಳಗೆ 20ರಿಂದ 40ರಷ್ಟು ಮೊಟ್ಟೆ, ಮೇಲೆ ತಾಯಿ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲೂ ಮೊಟ್ಟೆಗೆ ನೀರು ತಾಗುವುದಿಲ್ಲ. ನಮ್ಮ ಸೋಗೆ ಮಾಡು ಸೋರುತ್ತಿದ್ದ ದಿನಗಳನ್ನು ಕಂಡ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ. ಕೊಳೆಯುವ ಎಲೆ ಬಿಸಿ ಕೊಡುತ್ತದೆ, ಅದೇ ಕಾವು. ಗೊಬ್ಬರದ ಗುಂಡಿಗೆ ಕೈಯಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಲ ಲೆಕ್ಕ ಹಾಕಿ ನೋಡಿ. ಕಾಫಿಗೆ ಹೂಮಳೆ ಬೀಳುವ ಮಾರ್ಚ್ ಹೊತ್ತಿಗೆ ಗಂಡುಗಳು ಹೆಣ್ಣಿನ ಜಾಡು ಹಿಡಿಯುತ್ತವೆ. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಗೂಡು ಏಳತೊಡಗುತ್ತದೆ. ಎರಡೂವರೆ ಮೂರು ತಿಂಗಳು ಕಳೆದು ಪುಷ್ಯ, ಆಶ್ಲೇಷದ ಹೊತ್ತಿಗೆ ಮರಿ. ಆಶ್ಲೇಷ ನಕ್ಷತ್ರದ ದೇವತೆ ಸರ್ಪ. ನಾಗರ ಪಂಚಮಿ ಬರುವುದೂ ಅಲ್ಲೇ ಆಸುಪಾಸಿನಲ್ಲಿ. ಬಿಸಿಲೆ ಇಳಿದರೆ ಸಿಗುವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಜನ ಸಾಲುಗಟ್ಟಿ ಮಾಡಿಸುವ ಪೂಜೆಯ ಹೆಸರೂ ಆಶ್ಲೇಷಬಲಿ. ಘಟ್ಟದ ಕೆಳಗೆ ಜನ ಸರ್ಪಕ್ಕೆ ಹಾಲೆರೆಯುವ ವಾರದಲ್ಲೇ ಘಟ್ಟದ ಮೇಲೆ ಅದರ ಮರಿಗಳು ಚಿಪ್ಪು ಸೀಳಿ ತಲೆ ಹೊರಗಿಡುತ್ತಿರುತ್ತವೆ. ಹಿಂದಿನವರು ಇದನ್ನು ಕಂಡೇ ಹಬ್ಬ ಇಟ್ಟರು ಎಂದು ನಾನು ವಾದಿಸುವುದಿಲ್ಲ, ಕಾಕತಾಳೀಯವಿರಬಹುದು. ಆದರೂ ಆ ದಿನ ಹುತ್ತಕ್ಕೆ ಹಾಲು ಹೊಯ್ಯುವಾಗ ಮನಸ್ಸು ದರಗಿನ ಗುಡ್ಡೆಯ ಕಡೆ ಹೋಗುತ್ತದೆ.

ತಾಯಿ ಇಷ್ಟು ಕಾವಲಿದ್ದರೂ ಮರಿ ಹೊರಬರುವ ಸ್ವಲ್ಪ ಮೊದಲು ಗೂಡು ಬಿಟ್ಟು ಹೊರಟುಹೋಗುತ್ತದೆ. ಕಾಳಿಂಗದ ಮುಖ್ಯ ಆಹಾರ ಬೇರೆ ಹಾವುಗಳು. ತಿಂಗಳುಗಟ್ಟಲೆ ಹಸಿದ ತಾಯಿಗೆ ತನ್ನ ಮರಿಯೂ ಹಾವಾಗಿಯೇ ಕಾಣಬಹುದು, ಅದಕ್ಕೇ ದೂರ ಹೋಗುತ್ತದೆ ಎಂಬುದು ಒಂದು ಊಹೆ. ಊಹೆ ಸುಳ್ಳಿರಬಹುದು; ಈ ವಂಶದಲ್ಲಿ ಹಸಿವು ನೆಂಟಸ್ತಿಕೆ ನೋಡುವುದಿಲ್ಲ ಎಂಬುದಂತೂ ಸುಳ್ಳಲ್ಲ. ರೊಮ್ಯುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ, ಹಾವಿನ ಮೈಯೊಳಗೆ ರೇಡಿಯೋ ತುಣುಕು ಕೂರಿಸಿ ಹಿಂಬಾಲಿಸುತ್ತಿದ್ದ ದಿನಗಳಲ್ಲಿ, ಗಂಡೊಂದು ಹೆಣ್ಣನ್ನು ಬೆನ್ನಟ್ಟಿ ಕೊಂದದ್ದು ದಾಖಲಾಯಿತು. ಸತ್ತ ಹೆಣ್ಣು ಆಗಲೇ ಬಸುರಿಯಾಗಿತ್ತು. ಗುರುಹಿರಿಯರ ಮುಂದೆ ಹೇಳುವ ದಾಂಪತ್ಯಗೀತೆಗೆ ಹೊಂದುವ ವಸ್ತುವಲ್ಲ.

ಗೂಡು ಕಂಡ ತೋಟದವರು ಮಾಡುವ ತಪ್ಪು ಎರಡು. ಒಂದು, ಹೆದರಿ ಬೆಂಕಿ ಇಡುವುದು. ಇನ್ನೊಂದು, ಕರುಣೆಯಿಂದ ಮೊಟ್ಟೆಗಳನ್ನು ಎತ್ತಿ ಬುಟ್ಟಿಗೆ ಹಾಕಿ ಬೇರೆ ಕಡೆ ಇಡುವುದು. ಕೋಳಿ ಮೊಟ್ಟೆಯನ್ನು ತಾಯಿಯೇ ದಿನವೂ ಹೊರಳಿಸುತ್ತದೆ. ಹಾವಿನ ಮೊಟ್ಟೆಯಲ್ಲಿ ಭ್ರೂಣ ಮೇಲುಭಾಗದ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಆಮೇಲೆ ಮಗುಚಿದರೆ ಉಸಿರುಕಟ್ಟಿ ಸಾಯಬಹುದು. ಎತ್ತಲೇಬೇಕಾದರೆ ಮೇಲುಗಡೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿಕೊಂಡು ಅದೇ ಮುಖ ಮೇಲಿರುವಂತೆ ಇಡುತ್ತಾರೆ, ಅದೂ ಬಲ್ಲವರು. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗದ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿದ್ದಾರೆ. ತೋಟದವರಿಗೆ ಆ ಉಸಾಬರಿ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಸುತ್ತ ನಾಲ್ಕು ಗೂಟ ನೆಟ್ಟು, ಆ ಪಟ್ಟೆಯಲ್ಲಿ ಮರಿ ಹೊರಬರುವವರೆಗೆ ಕೆಲಸ ಬಿಟ್ಟರೆ ಸಾಕು.

ಗುಡ್ಡದ ಉಳಿದ ಹಾವುಗಳ ಸಂಸಾರವನ್ನು ಬೇಗ ಹೇಳಿ ಮುಗಿಸಬಹುದು. ಹಾವೆಂದರೆ ಮೊಟ್ಟೆ ಎಂಬುದು ಅರ್ಧ ಸತ್ಯ. ಕೊಳಕುಮಂಡಲ ನೇರವಾಗಿ ಮರಿ ಹಾಕುತ್ತದೆ, ಒಂದು ಸೂಲಿಗೆ 20, 30, ಕೆಲವೊಮ್ಮೆ ಅದಕ್ಕೂ ಮೀರಿ. ಕಾಫಿ ಗಿಡದ ರೆಂಬೆಯಲ್ಲಿ ಕೂರುವ ಗುಳಿಮಂಡಲವೂ, ಹಸಿರು ಹಾವೂ ಹಾಗೆಯೇ. ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುವಾಗ ಹಾರೆಗೆ ಸಿಗುವ, ಬಾಲ ಕತ್ತರಿಸಿಟ್ಟಂತೆ ಕಾಣುವ ಮಣ್ಣುಹಾವುಗಳೂ ಮರಿಯನ್ನೇ ಹಾಕುತ್ತವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಕುಟುಂಬ ಅದು. ಹೆಬ್ಬಾವು ಮೊಟ್ಟೆಯ ಸುತ್ತ ಸುತ್ತಿಕೊಂಡು ಕಾವು ಕೂರುತ್ತದೆ. ಹೆಬ್ಬಾವಿನ ಮೈ ಕಾವಿನ ಹೊತ್ತಿನಲ್ಲಿ ಬಿಸಿಯಾಗುತ್ತದೆ ಎಂದು 1832ರಲ್ಲಿ ಲಮಾರ್-ಪಿಕೋ ಎಂಬ ಫ್ರೆಂಚ್ ಪ್ರವಾಸಿ ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. ತಣ್ಣನೆಯ ರಕ್ತದ ಪ್ರಾಣಿ ಬಿಸಿಯಾಗುವುದೆಲ್ಲಿ ಬಂತು? 1841ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ವಾಲೆನ್ಸಿಯೆನ್ ಥರ್ಮಾಮೀಟರ್ ಇಟ್ಟು ಅಳೆದ, ನಿಜವಾಗಿತ್ತು. ಸ್ನಾಯುಗಳನ್ನು ಅದುರಿಸಿ, ನಾವು ಚಳಿಗೆ ನಡುಗುವ ಹಾಗೆ ನಡುಗಿ, ತಾಯಿ ಶಾಖ ಹುಟ್ಟಿಸುತ್ತದೆ ಎಂಬುದು 1960ರ ದಶಕದಲ್ಲಿ ಖಚಿತವಾಯಿತು.

ಭೀಮನೂ ಮೊಟ್ಟೆ ಸುತ್ತಿಕೊಂಡೇ ಕೂತಿದ್ದ. ಇನ್ನು ಮೇಲೆ ಕೂತಿದ್ದಳು ಎನ್ನಬೇಕು. ಒಂಟಿ ಹೆಣ್ಣು ಹಾವು ಮೊಟ್ಟೆ ಇಟ್ಟರೆ ಅದಕ್ಕೆ ಮೂರು ಅರ್ಥ ಇರಬಹುದು. ಮೊದಲನೆಯದು ಅವ್ವ ಹೇಳಿದ ಫಾರಂ ಕೋಳಿಯ ದಾರಿ: ಮೊಟ್ಟೆ ಜೊಳ್ಳು. ಕಾಲ ಕೂಡಿ ಬಂದಾಗ, ಮೈ ತುಂಬಿಕೊಂಡಿದ್ದಾಗ ಅಂಡಾಶಯ ತನ್ನ ಕೆಲಸ ಮಾಡುತ್ತದೆ, ಗಂಡು ಬಂದನೋ ಇಲ್ಲವೋ ಅದಕ್ಕೆ ಬೇಕಿಲ್ಲ. ಜೊಳ್ಳು ಮೊಟ್ಟೆ ಸಾಮಾನ್ಯವಾಗಿ ಹಳದಿಯಾಗಿ, ಸಣ್ಣದಾಗಿ, ಮೇಣದಂತಿರುತ್ತದೆ. ಬೆಳೆಯುತ್ತಿರುವ ಮೊಟ್ಟೆಗೆ ಕತ್ತಲಲ್ಲಿ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳ ಬಲೆ ಕಾಣುತ್ತದೆ.

ಎರಡನೆಯದು ಉಳಿಸಿಟ್ಟ ಬೀಜ. ಹೆಣ್ಣು ಹಾವುಗಳು ಗಂಡಿನ ವೀರ್ಯವನ್ನು ತಮ್ಮೊಳಗೆ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ಕಾಪಾಡಿಕೊಳ್ಳಬಲ್ಲವು. ಅಮೆರಿಕದ ಬುಡುಬುಡಿಕೆ ಬಾಲದ ರ‍್ಯಾಟಲ್ ಹಾವೊಂದು ಐದು ವರ್ಷ ಒಂಟಿಯಾಗಿದ್ದು ಮರಿ ಹಾಕಿದ್ದನ್ನು 2011ರಲ್ಲಿ ವಾರೆನ್ ಬೂತ್ ಮತ್ತು ಗಾರ್ಡನ್ ಶುಯೆಟ್ ತಳಿಪರೀಕ್ಷೆಯಿಂದ ವರದಿ ಮಾಡಿದರು. ಮರಿಗಳಲ್ಲಿ ತಂದೆಯ ಗುರುತು ಇತ್ತು. ನಮ್ಮಲ್ಲಿ ಬಿತ್ತನೆ ಭತ್ತವನ್ನು ಮುಡಿ ಕಟ್ಟಿ ಅಟ್ಟದಲ್ಲಿಡುತ್ತಿದ್ದರಲ್ಲ, ಆ ಲೆಕ್ಕ. ಹಿಂದೆ ಯಾವ ಒಂಟಿ ಹಾವು ಮರಿ ಹಾಕಿದರೂ ವಿದ್ವಾಂಸರು ಇದೇ ಕಾರಣ ಹೇಳಿ ಕೈತೊಳೆದುಕೊಳ್ಳುತ್ತಿದ್ದರು.

ಮೂರನೆಯದು ಅನಿಷೇಕ ಜನನ, ಗಂಡಿನ ಪಾಲೇ ಇಲ್ಲದ ಬಸಿರು. ಅಂಡ ತಯಾರಾಗುವಾಗ ಒಂದು ಕೋಶ ಎರಡು ಸಲ ಒಡೆಯುತ್ತದೆ. ಒಂದು ಪಾಲು ದೊಡ್ಡ ಅಂಡವಾಗುತ್ತದೆ, ಮಿಕ್ಕವು ಧ್ರುವಕಾಯಗಳೆಂಬ ಕಿರುಕೋಶಗಳಾಗಿ ನಶಿಸುತ್ತವೆ. ಅಪರೂಪಕ್ಕೆ ಆ ಕಿರುಕೋಶಗಳಲ್ಲೊಂದು ಹಿಂದಿರುಗಿ ಬಂದು ವೀರ್ಯಾಣುವಿನ ಜಾಗದಲ್ಲಿ ಅಂಡದ ಜೊತೆ ಸೇರಿಬಿಡುತ್ತದೆ. ಭ್ರೂಣ ಬೆಳೆಯತೊಡಗುತ್ತದೆ. ಮರಿ ತಾಯಿಯ ನಕಲು ಎಂದು ಪತ್ರಿಕೆಗಳು ಬರೆಯುವುದುಂಟು, ಅದು ಸರಿಯಲ್ಲ. ತಾಯಿಯಲ್ಲಿದ್ದ ಜೋಡಿ ಗುಣಗಳಲ್ಲಿ ಒಂದೇ ಒಂದು ಎರಡೆರಡು ಸಲ ಬಂದಿರುತ್ತದೆ. ಅಡಗಿದ್ದ ದೋಷಗಳೆಲ್ಲ ಹೊರಬೀಳುತ್ತವೆ. ಅದಕ್ಕೇ ಹೆಚ್ಚಿನ ಮೊಟ್ಟೆ ಕೊಳೆಯುತ್ತವೆ. ಅಮೆರಿಕದ ಲೂಯಿವಿಲ್ ಮೃಗಾಲಯದ ‘ಥೆಲ್ಮಾ’ ಎಂಬ ಜಾಲರಿ ಹೆಬ್ಬಾವು 2012ರಲ್ಲಿ 61 ಮೊಟ್ಟೆ ಇಟ್ಟಿತು, ಮರಿಯಾದದ್ದು ಆರು. ಸೇಂಟ್ ಲೂಯಿಸ್ ಮೃಗಾಲಯದ ಬಾಲ್ ಪೈಥಾನ್, ಭೀಮನ ಜಾತಿಯದ್ದೇ, 2020ರ ಜುಲೈಯಲ್ಲಿ ಏಳು ಮೊಟ್ಟೆ ಇಟ್ಟಾಗ ಅದಕ್ಕೆ 60 ದಾಟಿತ್ತು, ಗಂಡಿನ ಸಹವಾಸ ಬಿಟ್ಟು 15 ವರ್ಷಕ್ಕೂ ಮೇಲಾಗಿತ್ತು.

ಇದು ಪಂಜರದ ಪ್ರಾಣಿಗಳ ಒಂಟಿತನದಿಂದ ಹುಟ್ಟುವ ರೋಗವೇ ಎಂಬ ಅನುಮಾನವೂ ಇತ್ತು. 2012ರಲ್ಲಿ ಬೂತ್ ತಂಡ ಅಮೆರಿಕದ ಕಾಡಿನಲ್ಲಿ ಹಿಡಿದ ಎರಡು ಜಾತಿಯ ಬಸುರಿ ಮಂಡಲದ ಹಾವುಗಳಲ್ಲೂ ಇದನ್ನು ತೋರಿಸಿತು. ಆ ಕಾಡಿನಲ್ಲಿ ಗಂಡುಗಳಿಗೆ ಬರವಿರಲಿಲ್ಲ. ಇನ್ನೊಂದು ಒಗಟು ಮರಿಗಳ ಲಿಂಗದ್ದು. ಮಂಡಲ ಜಾತಿಯವುಗಳಲ್ಲಿ ತಂದೆಯಿಲ್ಲದ ಮರಿ ಯಾವಾಗಲೂ ಗಂಡು, ಬೋವಾ, ಹೆಬ್ಬಾವುಗಳಲ್ಲಿ ಯಾವಾಗಲೂ ಹೆಣ್ಣು. ಹಾವುಗಳೆಲ್ಲ ಕೋಳಿಯಂತೆ, ಲಿಂಗ ತೀರ್ಮಾನಿಸುವ ವರ್ಣತಂತು ಹೆಣ್ಣಿನ ಕಡೆ ಇರುತ್ತದೆ ಎಂದು ಪಠ್ಯಪುಸ್ತಕಗಳು ಬರೆದಿದ್ದವು. ಆ ಲೆಕ್ಕಕ್ಕೆ ಈ ಹೆಣ್ಣುಮರಿಗಳು ಹೊಂದುತ್ತಿರಲಿಲ್ಲ. 2017ರಲ್ಲಿ ಟೋನಿ ಗ್ಯಾಂಬಲ್ ಮತ್ತು ಸಂಗಡಿಗರು ಬೋವಾ ಮತ್ತು ಹೆಬ್ಬಾವಿನಲ್ಲಿ ವ್ಯವಸ್ಥೆ ನಮ್ಮ ಮನುಷ್ಯರಂತೆ, ಗಂಡಿನ ಕಡೆ ಎಂದು ಕಂಡುಕೊಂಡರು. ಹೆಣ್ಣಿನಲ್ಲಿ ಗಂಡಿನ ವರ್ಣತಂತುವೇ ಇಲ್ಲದಿದ್ದರೆ ಅವಳೊಬ್ಬಳಿಂದ ಹುಟ್ಟುವುದು ಹೆಣ್ಣೇ. ಸಾಕಿದ ಹಾವುಗಳು ಗಂಡಿಲ್ಲದೆ ಹಾಕಿದ ಮರಿಗಳು ಪಠ್ಯಪುಸ್ತಕವನ್ನು ತಿದ್ದಿಸಿದವು. 2021ರಲ್ಲಿ ಜೀನೋಮ್ ಅಧ್ಯಯನವೊಂದು ಕಾಳಿಂಗ ಸರ್ಪದಲ್ಲೂ ಅನಿಷೇಕ ಜನನವನ್ನು ದಾಖಲಿಸಿತು. ಗೂಡು ಕಟ್ಟುವ ತಾಯಿ, ಬೇಕೆಂದರೆ, ಗಂಡನನ್ನೂ ಬಿಡಬಲ್ಲಳು.

ಈ ಮೂರರಲ್ಲಿ ಭೀಮನದು ಯಾವುದು? ಮೊಟ್ಟೆ ಇಟ್ಟು ಹತ್ತು ದಿನಕ್ಕೆ ಐದರಲ್ಲಿ ನಾಲ್ಕು ಕುಗ್ಗಿ ಬೂಷ್ಟು ಹಿಡಿದವು. ಐದನೆಯದಕ್ಕೆ ಟಾರ್ಚ್ ಹಿಡಿದರೆ ಒಂದು ನರವೂ ಕಾಣಲಿಲ್ಲ. ‘ಪರಿವೇಶ್’ನಲ್ಲಿ ಬರೆಯಲು ಏನೂ ಉಳಿಯಲಿಲ್ಲ. ಹುಡುಗ ಸ್ವಲ್ಪ ಬೇಸರಪಟ್ಟುಕೊಂಡ. ಅವ್ವ ಕೇಳಿ, “ಜೊಳ್ಳು ಅಂತ ನಾನ್ ಆಗ್ಲೇ ಹೇಳ್ಲಿಲ್ವಾ” ಅಂದಳು.

ಹಬ್ಬಕ್ಕೆ ಊರಿಗೆ ಬಂದ ಹುಡುಗ ಜಗುಲಿಯಲ್ಲಿ ಕೂತು ಥೆಲ್ಮಾಳ ಕಥೆ ಹೇಳುತ್ತಿದ್ದ. ಅವ್ವ ಅಂಥೂರಿಯಂ ಕುಂಡ ಬದಲಿಸುತ್ತ ಕೇಳುತ್ತಿದ್ದಳು. ಹಳೆ ಕುಂಡ ಬೋರಲು ಹಾಕಿದಾಗ ಮಣ್ಣಿನ ಜೊತೆ ಕಪ್ಪನೆಯ ಎರೆಹುಳದಂಥದ್ದು ಉದುರಿತು, ಹೊಳೆಯುವ ಮೈ, ಒಂದು ಗೇಣೂ ಇಲ್ಲ. ತಲೆ ಯಾವುದು ಬಾಲ ಯಾವುದು ತಿಳಿಯದು. “ಹುಳಹಾವು” ಎಂದು ಅವ್ವ ಕರಣೆಯಲ್ಲಿ ಎತ್ತಿ ಬೇಲಿಯಾಚೆ ಎಸೆಯಲು ಹೊರಟಳು. ನಾನು ತಡೆದೆ.

ಇದನ್ನು ಮೊದಲು ಪುಸ್ತಕಕ್ಕೆ ಹಾಕಿದವನು ಪ್ಯಾಟ್ರಿಕ್ ರಸೆಲ್, 1796ರಲ್ಲಿ. ಕೋರಮಂಡಲ ತೀರದ ಜನ ಹೇಳಿದ ತೆಲುಗು ಹೆಸರನ್ನೇ ಕೇಳಿದಂತೆ ಬರೆದುಕೊಂಡ, ‘ಎರಡು ತಲೆಯ ಹಾವು’ ಎಂಬರ್ಥದ್ದು. (ನಮ್ಮಲ್ಲಿ ಆ ಹೆಸರು ಮಣ್ಣುಮುಕ್ಕನಿಗೆ ಹೋಗಿದೆ, ಕೋಟಿ ಬೆಲೆ ಬರುತ್ತದೆಂಬ ಭ್ರಮೆಯಲ್ಲಿ ಅದನ್ನು ಹಿಡಿದು ಮಾರಲು ಹೋಗಿ ಪೊಲೀಸರ ಕೈಗೆ ಸಿಕ್ಕವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.) 1803ರಲ್ಲಿ ಡೋಡಾ ಇದಕ್ಕೆ ‘ಬ್ರಾಮಿನಸ್’ ಎಂಬ ಶಾಸ್ತ್ರೀಯ ಹೆಸರಿಟ್ಟ. ಇರುವೆ, ಗೆದ್ದಲುಗಳ ಮೊಟ್ಟೆ ಮರಿ ತಿಂದು ಬದುಕುವ ಈ ಕುರುಡು ಜೀವಿ ಗಿಡದ ಬೇರಿನ ಮಣ್ಣಿನಲ್ಲಿ ಕೂತು ಹಡಗು ಹತ್ತಿ ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕ, ಸಾಗರಮಧ್ಯದ ದ್ವೀಪಗಳು, ಎಲ್ಲ ಕಡೆ ಸೇರಿಕೊಂಡಿದೆ. ಹೂಕುಂಡದ ಹಾವು ಎಂದೇ ಪರದೇಶದಲ್ಲಿ ಇದರ ಹೆಸರು. ನೆಲದ ಮೇಲೆ ಬದುಕುವ ಬೇರೆ ಯಾವ ಹಾವೂ ಜಗತ್ತಿನಲ್ಲಿ ಇಷ್ಟು ದೂರ ಹರಡಿಲ್ಲ. ಹರಡಲು ಒಂದೇ ಒಂದು ಹಾವು ಸಾಕಾಗಿತ್ತು. ಥೆಲ್ಮಾಳಿಗೆ ಅಪರೂಪದ ಆಕಸ್ಮಿಕವಾಗಿದ್ದದ್ದು ಇದಕ್ಕೆ ಕುಲಧರ್ಮ. ಉಳಿದ ಹಾವುಗಳಲ್ಲಿ ವರ್ಣತಂತು ಎರಡು ಸೆಟ್ಟಿರುತ್ತದೆ, ಇದರಲ್ಲಿ ಮೂರು ಸೆಟ್ಟು, ಒಟ್ಟು 42. 1974ರಲ್ಲಿ ಸ್ಯಾಮ್ಯುಯೆಲ್ ಮೆಕ್‌ಡೊವೆಲ್ ಇದರಲ್ಲಿ ಗಂಡೇ ಇಲ್ಲವೇನೋ ಎಂದು ಅನುಮಾನಿಸಿದರು. ಅಲ್ಲಿಂದ ಮುಂದೆ ಪರೀಕ್ಷಿಸಿದ್ದೆಲ್ಲ ಆ ಅನುಮಾನವನ್ನು ಗಟ್ಟಿ ಮಾಡಿತು. ಹೆಣ್ಣು, ಹೆಣ್ಣಿನ ಮೊಟ್ಟೆ, ಮತ್ತೆ ಹೆಣ್ಣು. ಸದಾ ಗಂಡಿಲ್ಲದೆಯೇ ವಂಶ ನಡೆಸುವ ಹಾವು ಲೋಕದಲ್ಲಿ ಇದೊಂದೇ ಎಂದು ಗೊತ್ತಾಗಿದೆ.

ಅವ್ವ ಕರಣೆಯನ್ನು ಕೆಳಗಿಳಿಸಿದಳು. ಹುಳಹಾವನ್ನು ಹೊಸ ಕುಂಡದ ಮಣ್ಣಿಗೆ ಬಿಟ್ಟು ಮೇಲೆ ಒಂದು ಹಿಡಿ ಕಾಫಿ ಸಿಪ್ಪೆ ಗೊಬ್ಬರ ಹಾಕಿದಳು. “ಇದಕ್ಕೂ ಭೀಮ ಅಂತ ಹೆಸರಿಡಬ್ಯಾಡ” ಎಂದು ಮೊಮ್ಮಗನಿಗೆ ಹೇಳಿದಳು. ಗಂಡು ಹುಳಹಾವನ್ನು ವಿಜ್ಞಾನ ಒಪ್ಪುವಂತೆ ಈವರೆಗೆ ಯಾರೂ ತೋರಿಸಿಲ್ಲ.